ಮನೆಗೆ ಹಿರಿಯಳಾಗಿ ಹುಟ್ಟಿದವಳು

ಹಿರಿಯ ಮಗಳಾಗಿ ಹುಟ್ಟುವುದೆಂದರೆ ನಮ್ಮ ಮನೆಗಳಲ್ಲಿ ಒಂದು ಹೊಣೆಯನ್ನು ಹೊತ್ತು ಹುಟ್ಟುವುದೆಂದೇ ಅರ್ಥ. ತಾಯಿಯ ಕೈಗೆ ಕೈಯಾಗಿ, ತಮ್ಮ ತಂಗಿಯರಿಗೆ ಎರಡನೆಯ ತಾಯಿಯಾಗಿ, ಮುಂದೆ ಅವರ ಮಕ್ಕಳಿಗೆ ಸೋದರತ್ತೆಯಾಗಿ, ದೊಡ್ಡಮ್ಮನಾಗಿ ಬಾಳುವ ಅಕ್ಕಂದಿರು ಊರೂರಿನಲ್ಲಿಯೂ ಇದ್ದಾರೆ. ಅವರ ಬದುಕನ್ನು ಬರೆದಿಟ್ಟವರು ಮಾತ್ರ ವಿರಳ. ಹಾಗೆ ಬರಹದಲ್ಲಿ ಉಳಿದ ಒಂದು ದೀರ್ಘ ಬದುಕನ್ನು ಈ ಸಂಚಿಕೆಯಲ್ಲಿ ಸ್ಮರಿಸಬಯಸುತ್ತೇವೆ. ಗಾಯಕಿಯಾಗಿ ಲತಾ ಮಂಗೇಶ್ಕರ್ ಅವರನ್ನು ಅರಿಯದವರಿಲ್ಲ; ಇಲ್ಲಿ ಅವರನ್ನು ಅಕ್ಕನಾಗಿ ನೆನೆಯೋಣ.

ಲತಾ ಅವರು 1929ರ ಸೆಪ್ಟೆಂಬರ್ 28ರಂದು ಇಂದೂರಿನಲ್ಲಿ ಜನಿಸಿದರು. ತಂದೆ ದೀನಾನಾಥ ಮಂಗೇಶ್ಕರರು ಮರಾಠಿ ರಂಗಭೂಮಿಯ ಹೆಸರಾಂತ ಗಾಯಕ-ನಟರು. ಲತಾ ಅವರ ಬೆನ್ನಿಗೆ ಮೀನಾ, ಆಶಾ, ಉಷಾ ಎಂಬ ಮೂವರು ತಂಗಿಯರು, ಹೃದಯನಾಥನೆಂಬ ಒಬ್ಬ ತಮ್ಮ. 1942ರ ಏಪ್ರಿಲ್ ತಿಂಗಳಲ್ಲಿ ಪುಣೆಯಲ್ಲಿ ತಂದೆ ತೀರಿಕೊಂಡಾಗ ಈ ಹಿರಿಯ ಮಗಳಿಗೆ ಹದಿಮೂರು ವರ್ಷಗಳೂ ತುಂಬಿರಲಿಲ್ಲ. ಆ ವರ್ಷವೇ ಆಕೆ ಮರಾಠಿ ಚಲನಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರಗಳಿಗೆ ಬಣ್ಣ ಹಚ್ಚಿದಳು. ಅಭಿನಯ ತನಗೆ ಎಂದೂ ಹಿಡಿಸಲಿಲ್ಲವೆಂದು ಅವರು ಮುಂದೆ ಹಲವು ಬಾರಿ ಹೇಳಿದ್ದುಂಟು. ಆದರೆ ಮನೆಯ ಒಲೆ ಉರಿಯಬೇಕಾಗಿತ್ತು. ಶಾಲೆಯ ಓದಂತೂ ಆಕೆಯ ಪಾಲಿಗೆ ಬರಲೇ ಇಲ್ಲ. 1945ರಲ್ಲಿ ಮುಂಬಯಿಗೆ ಬಂದು ನೆಲೆಸಿ, 1949ರ 'ಮಹಲ್' ಚಿತ್ರದ ಹಾಡಿನಿಂದ ದೇಶಕ್ಕೆಲ್ಲ ಪರಿಚಿತರಾಗುವವರೆಗಿನ ದಾರಿಯನ್ನು ಆಕೆ ನಡೆದದ್ದು ಮೊದಲು ಅನ್ನಕ್ಕಾಗಿ, ಅನಂತರ ಕೀರ್ತಿಗಾಗಿ. ಕನ್ನಡಿಗರಾದ ನಮಗೆ 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರದಲ್ಲಿ, ಲಕ್ಷ್ಮಣ ಬೆರ್ಲೇಕರ್ ಅವರ ಸಂಗೀತದಲ್ಲಿ, ಅವರು ಹಾಡಿದ ಬೆಳಗಿನ ಹಾಡು ಇಂದಿಗೂ ಕಿವಿಯಲ್ಲಿದೆ.

ದೊಡ್ಡ ಮರದ ನೆರಳು ತಂಪು. ಅದರಡಿಯ ಸಸಿಗೆ ಕೆಲವೊಮ್ಮೆ ಬಿಸಿಲು ಸಾಲದಾಗುವುದೂ ಉಂಟು. ತಂಗಿ ಆಶಾ ಹದಿನಾರರ ಹರೆಯದಲ್ಲಿ ಮನೆಯವರ ಇಚ್ಛೆಗೆ ವಿರುದ್ಧವಾಗಿ ವಿವಾಹವಾದಾಗ ಅಕ್ಕತಂಗಿಯರ ನಡುವೆ ಮಾತು ನಿಂತಿತು. ಕಾಲ ಕಳೆದಂತೆ ಆ ಗಾಯ ಮಾಯಿತು. ನಮ್ಮ ಗಿರೀಶ ಕಾರ್ನಾಡರು ನಿರ್ದೇಶಿಸಿದ 1984ರ 'ಉತ್ಸವ್' ಚಿತ್ರದಲ್ಲಿ ಇಬ್ಬರೂ ಜೊತೆಗೂಡಿ ಹಾಡಿದರು. ಮುನಿಸೇ ಇಲ್ಲದ ಒಡಹುಟ್ಟಿದವರು ಎಲ್ಲಿಯೂ ಇಲ್ಲ. ಮುನಿದು ಮತ್ತೆ ಕೂಡುವುದರಲ್ಲಿಯೇ ರಕ್ತಸಂಬಂಧದ ಬೆಲೆ ಇದೆ.

ತಮ್ಮನ ಕಥೆ ಇನ್ನೂ ಹೃದ್ಯವಾದುದು. ತಂದೆ ಹೋದಾಗ ಹೃದಯನಾಥ ಎಳೆಯ ಮಗು. ಅಕ್ಕನ ದುಡಿಮೆಯಲ್ಲಿ ಬೆಳೆದ ಆ ಮಗು ಸಂಗೀತ ನಿರ್ದೇಶಕನಾಯಿತು. 1990ರ 'ಲೇಕಿನ್' ಚಿತ್ರಕ್ಕೆ ತಮ್ಮ ಸಂಗೀತ ನೀಡಿದರು, ಅಕ್ಕ ಹಾಡಿದರು. ಅದೇ ಚಿತ್ರಕ್ಕಾಗಿ ಇಬ್ಬರಿಗೂ ರಾಷ್ಟ್ರಪ್ರಶಸ್ತಿ ದೊರೆಯಿತು. ಆಗ ಅಕ್ಕನಿಗೆ ಅರವತ್ತು ದಾಟಿತ್ತು. ತಂದೆಯ ಹೆಸರಿನಲ್ಲಿ ಪುಣೆಯಲ್ಲಿ ಆಸ್ಪತ್ರೆಯೂ ಎದ್ದು ನಿಂತಿತು. 2001ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ತಂಗಿ ಮೀನಾ ಅವರು ಅಕ್ಕನನ್ನು ಕುರಿತು ಮರಾಠಿಯಲ್ಲಿ ಬರೆದ ಪುಸ್ತಕದ ಹೆಸರು 'ಮೋಠೀ ತಿಚೀ ಸಾವಲೀ'. ಆಕೆಯ ನೆರಳು ದೊಡ್ಡದು ಎಂಬುದು ಅದರ ಭಾವ.

ಇಷ್ಟೆಲ್ಲ ಪಡೆದ ಈ ಅಕ್ಕ ಮದುವೆಯಾಗಲಿಲ್ಲ. ಮನೆಯ ಹೊಣೆ ಅದಕ್ಕೆ ಎಡೆಗೊಡಲಿಲ್ಲವೆಂದು ಅವರೇ ಹೇಳಿಕೊಂಡಿದ್ದರು. ಇನ್ನೊಂದು ಜನ್ಮವಿದ್ದರೆ ಲತಾ ಮಂಗೇಶ್ಕರ್ ಆಗಿ ಹುಟ್ಟಲು ತಮಗೆ ಇಷ್ಟವಿಲ್ಲ, ಆಕೆಯ ಕಷ್ಟಗಳು ಆಕೆಗೇ ಗೊತ್ತು ಎಂದು ಸಂದರ್ಶನವೊಂದರಲ್ಲಿ ನಗುತ್ತಲೇ ನುಡಿದಿದ್ದರು. ಆ ನಗುವಿನ ಹಿಂದಿನ ಮಾತು ಪ್ರತಿಯೊಂದು ಮನೆಯೂ ಆಲಿಸಬೇಕಾದ ಮಾತಾಗಿದೆ. ಲೋಕವೆಲ್ಲ ಮೆಚ್ಚಿದ ಬದುಕನ್ನೇ ಬಾಳಿದಾಕೆ ಮತ್ತೆ ಬೇಡವೆನ್ನುವಷ್ಟು ಆ ಹೊರೆ ಭಾರವಾಗಿತ್ತೆಂದಾದರೆ, ಹೆಸರೂ ಹಣವೂ ಇಲ್ಲದೆ ಅದೇ ಹೊರೆಯನ್ನು ಹೊತ್ತ ನಮ್ಮ ಮನೆಗಳ ಅಕ್ಕಂದಿರ ಪಾಡೇನು?

2022ರ ಫೆಬ್ರುವರಿ 6ರಂದು, ತೊಂಬತ್ತೆರಡರ ತುಂಬು ವಯಸ್ಸಿನಲ್ಲಿ, ಮುಂಬಯಿಯಲ್ಲಿ ಅವರು ಕಣ್ಮುಚ್ಚಿದರು. ರಾಷ್ಟ್ರವು ಎರಡು ದಿನ ಶೋಕ ಆಚರಿಸಿತು.

ಮನೆಯ ಹಿರಿಯ ಅಕ್ಕ ಅಗಲಿದಾಗ 'ತ್ಯಾಗಮಯಿ' ಎಂಬ ಒಂದೇ ಪದದಿಂದ ಆಕೆಯ ಋಣವನ್ನು ತೀರಿಸಿಬಿಡುವ ರೂಢಿ ನಮ್ಮಲ್ಲಿದೆ. ಆ ಪದವನ್ನು ಆಡುವ ಮೊದಲು, ಆಕೆ ಬಿಟ್ಟುಕೊಟ್ಟದ್ದು ಏನೇನೆಂದು ಎಣಿಸಿ ನೋಡುವುದು ಒಳ್ಳೆಯದು. ಯಾವ ತರಗತಿಗೆ ಆಕೆಯ ಓದು ನಿಂತಿತು? ಯಾರ ಶುಲ್ಕಕ್ಕಾಗಿ ಆಕೆಯ ಬಳೆ ಮಾರಾಟವಾಯಿತು? ಯಾರ ಮದುವೆಗಾಗಿ ಆಕೆಯ ಮದುವೆ ಮುಂದೆ ಹೋಯಿತು? ಅತ್ತೆಯೋ ದೊಡ್ಡಮ್ಮನೋ ಇನ್ನೂ ನಮ್ಮೊಡನೆ ಇರುವ ಮನೆಗಳಲ್ಲಿ ಈ ಪ್ರಶ್ನೆಗಳನ್ನು ಅವರ ಬಳಿಯೇ ಕುಳಿತು ಕೇಳಿರಿ. ಉತ್ತರಗಳನ್ನು ಮಕ್ಕಳ ಕೈಯಲ್ಲಿ ಬರೆಯಿಸಿರಿ. ಮನೆಯ ಈಗಿನ ಹಿರಿಯ ಮಗಳು ಪುಸ್ತಕ ಹಿಡಿದು ಕುಳಿತಿದ್ದರೆ, ಸಣ್ಣ ಕೆಲಸಕ್ಕೆಂದು ಆಕೆಯನ್ನು ಎಬ್ಬಿಸದಿರಿ. ಅಗಲಿದ ಅಕ್ಕಂದಿರಿಗೆ ನಾವು ಸಲ್ಲಿಸಬಹುದಾದ ಸ್ಮರಣೆಗಳಲ್ಲಿ ಇದಕ್ಕಿಂತ ದೊಡ್ಡದು ನಮಗೆ ಕಾಣದು.