ಹದಿನೆಂಟು ನಿಮಿಷದ ಲೆಕ್ಕ

ನಮ್ಮ ಕಾಸರಗೋಡಿನ ಉತ್ತರಕ್ಕೆ ಮಂಗಳೂರು ವಿಮಾನ ನಿಲ್ದಾಣ. ದಕ್ಷಿಣಕ್ಕೆ 2018ರಲ್ಲಿ ಆರಂಭವಾದ ಕಣ್ಣೂರು ನಿಲ್ದಾಣ. ಇವೆರಡರ ನಡುವಣ ನೇರ ಅಂತರ ಸುಮಾರು 135 ಕಿಲೋಮೀಟರ್. ಗಂಟೆಗೆ 450 ಕಿಲೋಮೀಟರ್ ವೇಗದ ವಿಮಾನವು ಇದನ್ನು ಎಷ್ಟು ಹೊತ್ತಿನಲ್ಲಿ ಕ್ರಮಿಸೀತು? ಸೂತ್ರ ಬಲ್ಲ ಮಗು ‘18 ನಿಮಿಷ’ ಎನ್ನುತ್ತದೆ.

ಭಾಗಾಕಾರವೇನೋ ಸರಿ. ಆದರೆ ವಿಮಾನವು ರನ್‌ವೇಗೆ ಸಾಗಬೇಕು, ಮೇಲೇರಬೇಕು, ಗಾಳಿಗೆದುರಾಗಿ ಇಳಿಯಲು ಕೆಲವೊಮ್ಮೆ ಸುತ್ತಿ ಬರಬೇಕು. ಏರುವಾಗಲೂ ಇಳಿಯುವಾಗಲೂ ಪೂರ್ಣ ವೇಗವಿರದು. ಆದ್ದರಿಂದ ನಿಜವಾದ ಪ್ರಯಾಣಕಾಲ ಇನ್ನೂ ಹೆಚ್ಚು.

‘ಪುಸ್ತಕದ ಉತ್ತರ ಏಕೆ ಕಡಿಮೆ?’ ಎಂದು ಮಗು ಕೇಳಿದರೆ, ಪೋಷಕರೇ, ಗದರದಿರಿ. ಭೂಪಟವನ್ನು ಹರಡಿ, ಕನ್ನಡದಲ್ಲೇ ವಿವರಿಸಿರಿ. ಪರೀಕ್ಷೆಗೆ ಹದಿನೆಂಟು ಸಾಕು. ಕಲಿಕೆಗೆ ಆ ಪ್ರಶ್ನೆಯೂ ಬೇಕು.