ಅಂಗಡಿಯಿಂದ ಬಂದ ಗಾಳಿಯಂತ್ರ

ಹೋದ ವರ್ಷ ನಮ್ಮ ಸಂಘದ ಮಕ್ಕಳ ವಸ್ತುಪ್ರದರ್ಶನದಲ್ಲಿ ಒಂದು ಗಾಳಿಯಂತ್ರಕ್ಕೆ ಮೊದಲ ಬಹುಮಾನ ಕೊಟ್ಟೆವು. ತೀರ್ಪುಗಾರರಲ್ಲಿ ನಾನೂ ಒಬ್ಬ. ಸಹಿ ನನ್ನದೂ ಇದೆ. ಎದುರಿಗೆ ಟೇಬಲ್ ಫ್ಯಾನ್ ಹಚ್ಚಿದರು, ರೆಕ್ಕೆ ತಿರುಗಿತು, ಪುಟ್ಟ ಎಲ್‌ಇಡಿ ದೀಪ ಹೊತ್ತಿತು, ಚಪ್ಪಾಳೆ ಬಿತ್ತು. ಒಂದು ದೀಪ ಮಿಣುಕಿಸಲು ಐವತ್ತು ವಾಟ್ ಸುಡುತ್ತಿದ್ದೇವಲ್ಲ ಎಂದು ನಗಲು ಯಾರಿಗೂ ಹೊಳೆಯಲಿಲ್ಲ. ಸುರುಳಿಗೆ ತಂತಿ ಎಷ್ಟು ಸುತ್ತು ಸುತ್ತಿದೆಯಪ್ಪಾ ಎಂದು ಹುಡುಗನನ್ನು ಕೇಳಿದೆ. ಅವನು ತಂದೆಯ ಮುಖ ನೋಡಿದ. ತಂದೆ ಛಾವಣಿ ನೋಡಿದರು.

ಅಮೀರ್‌ಪೇಟೆಯಲ್ಲಿ ಪ್ರಾಜೆಕ್ಟು ಮಾರುವುದು ಗುಟ್ಟಿನ ವ್ಯಾಪಾರವೇನಲ್ಲ. ಯಂತ್ರ, ವರದಿ, ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರ, ಎಲ್ಲ ಒಂದೇ ಕಟ್ಟಿನಲ್ಲಿ. ಮಾರುವವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಜಗಳ ಕೊಳ್ಳುವ ನಮ್ಮವರೊಂದಿಗೆ. ಬಾಲಾನಗರ, ರಾಮಚಂದ್ರಾಪುರದ ಕಾರ್ಖಾನೆಗಳಲ್ಲಿ ಕೈ ಮಸಿಮಾಡಿಕೊಂಡು ಈ ಊರಿನಲ್ಲಿ ನೆಲೆ ಕಂಡ ಹಿರಿಯರ ಮೊಮ್ಮಕ್ಕಳಿಗೆ ಸ್ಕ್ರೂಡ್ರೈವರ್ ಹಿಡಿಯಲು ಬಿಡುವಿಲ್ಲವಂತೆ!

“ಮಾರ್ಕ್ಸು ಮುಖ್ಯ ಸ್ವಾಮಿ, ಹುಡುಗರು ಮಾಡಿದ್ದು ಓಡದಿದ್ದರೆ?” ಎನ್ನುತ್ತಾರೆ. ಓಡದಿರಲಿ. ಹಳೆಯ ಸೀಲಿಂಗ್ ಫ್ಯಾನನ್ನು ತಿರುಗಿಸಿದರೆ ಕರೆಂಟು ಬರುತ್ತದೆಂದು ನಂಬಿ ಒಂದು ಭಾನುವಾರ ಹಾಳಾಗಲಿ. ಅದರೊಳಗೆ ಅಯಸ್ಕಾಂತವೇ ಇಲ್ಲವೆಂದು ಆಗಲೇ ತಿಳಿಯುವುದು. ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ಅಯಸ್ಕಾಂತದ ಮೋಟಾರು ಹುಡುಕಲಿ. ಪಿವಿಸಿ ಕೊಳವೆ ಸೀಳಿ ರೆಕ್ಕೆ ಮಾಡಲಿ. ಡಯೋಡ್ ಹಾಕಲು ಮರೆತರೆ, ಗಾಳಿ ನಿಂತಾಗ ಬ್ಯಾಟರಿಯೇ ರೆಕ್ಕೆಯನ್ನು ತಿರುಗಿಸತೊಡಗುತ್ತದೆ. ಆ ತಮಾಷೆಯನ್ನು ಒಮ್ಮೆ ಕಂಡ ಹುಡುಗ ಜನ್ಮದಲ್ಲಿ ಮರೆಯಲಾರ.

ಕೊಂಡ ವರದಿಯಲ್ಲಿ ‘ಇಡೀ ಮನೆಗೆ ವಿದ್ಯುತ್’ ಎಂದಿತ್ತು. ಲೆಕ್ಕ ಹಾಕೋಣ. ಒಂದು ಮೀಟರ್ ವ್ಯಾಸದ ಚಕ್ರಕ್ಕೆ ಸೆಕೆಂಡಿಗೆ 3 ಮೀಟರ್ ವೇಗದ ಗಾಳಿ ತಾಗಿದರೆ, ಮನೆಯಲ್ಲಿ ಮಾಡಿದ ಯಂತ್ರದಿಂದ ಕೈಗೆ ಸಿಗುವುದು 3 ವಾಟಿನಷ್ಟು. ವೇಗ ಇಮ್ಮಡಿಸಿದರೆ ಶಕ್ತಿ ಎಂಟು ಪಟ್ಟು. ಆಷಾಢದ ಗಾಳಿಯಲ್ಲಿ 20 ವಾಟ್ ದಾಟೀತು. ಕಾರ್ತಿಕದಲ್ಲಿ ಎಲೆಯೂ ಅಲುಗದು. ಎಂಥ ಯಂತ್ರವಾದರೂ ಗಾಳಿಯ ಶಕ್ತಿಯಲ್ಲಿ ಶೇಕಡಾ 59ಕ್ಕಿಂತ ಹೆಚ್ಚು ಹಿಡಿಯಲಾರದೆಂದು ಜರ್ಮನಿಯ ಬೆಟ್ಜ್ 1919ರಲ್ಲೇ ತೋರಿಸಿಕೊಟ್ಟಿದ್ದಾನೆ. ಊರಿಗೆ ಹೋಗುವಾಗ ಚಿತ್ರದುರ್ಗ, ಗದಗದಲ್ಲಿ ಆ ದೊಡ್ಡ ಯಂತ್ರಗಳನ್ನು ಗುಡ್ಡದ ನೆತ್ತಿಯಲ್ಲೇ ಏಕೆ ನಿಲ್ಲಿಸಿದ್ದಾರೆಂದು ನಮ್ಮ ಎಷ್ಟು ಮಕ್ಕಳು ಕೇಳಿದ್ದಾರೆ?

ಆಫ್ರಿಕಾದ ಮಲಾವಿಯಲ್ಲಿ ವಿಲಿಯಂ ಕಾಮ್ಕ್ವಾಂಬ ಎಂಬ ಹುಡುಗ ಬರಗಾಲದಲ್ಲಿ ಶುಲ್ಕ ಕಟ್ಟಲಾಗದೆ ಶಾಲೆ ಬಿಟ್ಟ. ಗ್ರಂಥಾಲಯದ ಪುಸ್ತಕದಲ್ಲಿ ಚಿತ್ರ ನೋಡಿ, ಮುರಿದ ಸೈಕಲ್ಲು, ಟ್ರಾಕ್ಟರಿನ ಫ್ಯಾನು, ಸೈಕಲ್ ಡೈನಮೊ ಕೂಡಿಸಿ 2002ರಲ್ಲಿ ಮನೆಯಲ್ಲಿ ದೀಪ ಹೊತ್ತಿಸಿದ. ಅವನ ಪಾಲಿಗೆ ಅಮೀರ್‌ಪೇಟೆ ಇರಲಿಲ್ಲ, ಪುಣ್ಯ!

ಕಾರ್ಯಕಾರಿ ಸಮಿತಿಗೆ ನನ್ನ ಬೇಡಿಕೆ ಇಷ್ಟೇ. ಈ ವರ್ಷ ಪ್ರದರ್ಶನ ಸಭಾಂಗಣದಲ್ಲಿ ಬೇಡ, ತಾರಸಿಯ ಮೇಲಿರಲಿ. ಟೇಬಲ್ ಫ್ಯಾನ್ ಕೂಡದು. ತೀರ್ಪುಗಾರರ ಮುಂದೆ ಮಗುವೇ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಲಿ. ತಂದೆತಾಯಿಗಳು ಕೆಳಗೆ ಕಾಫಿ ಕುಡಿಯುತ್ತಿರಲಿ. ಇದಾಗದಿದ್ದರೆ ತೀರ್ಪುಗಾರರ ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಡಿ.