ಹುಣಸೆ ಬೀಜದ ಫೋನಿಕ್ಸ್
ಶಾಲೆಗಳು ಮರಳಿ ಬಾಗಿಲು ತೆರೆಯುವ ಹೊತ್ತಿಗೆ ಪುಸ್ತಕದಂಗಡಿಗಳಲ್ಲಿ ರಾಶಿ ಬೀಳುವ ಫೋನಿಕ್ಸ್ ಸಾಮಗ್ರಿ, ಅಂದರೆ ಇಂಗ್ಲಿಷ್ ಅಕ್ಷರಗಳನ್ನು ಹೆಸರಿನಿಂದಲ್ಲದೆ ಧ್ವನಿಯಿಂದ ಪರಿಚಯಿಸುವ ಕ್ರಮದ ಪರಿಕರಗಳು, ಕನ್ನಡದ ಮಗುವಿನ ನಿಜವಾದ ತೊಡಕನ್ನು ಅಷ್ಟಾಗಿ ಮುಟ್ಟುವಂತೆ ಕಾಣುವುದಿಲ್ಲ. 26 ಅಕ್ಷರಗಳಿಂದ ಸುಮಾರು 44 ಧ್ವನಿಗಳನ್ನು ನಿಭಾಯಿಸುವ ಕಷ್ಟ ಇಂಗ್ಲಿಷ್ ಕಲಿಯುವ ಎಲ್ಲ ಮಕ್ಕಳದೂ ಹೌದು. ಆದರೆ ಕನ್ನಡ ವರ್ಣಮಾಲೆಯ ಪಾಠದಲ್ಲಿ ವ್ಯಂಜನವು ಅಕಾರವನ್ನು ಹೊತ್ತೇ ಬರುವುದರಿಂದ, ಅದಕ್ಕೆ ಒಗ್ಗಿದ ಮಗು 'ಪೆನ್' ಎಂಬುದನ್ನು 'ಪ-ಎ-ನ' ಎಂದು ಒಡೆಯುವುದು ಸಹಜ. ಅಂತ್ಯಾಕ್ಷರಿಯಲ್ಲಿ ಪಳಗಿದ ಕಿವಿಯೂ ಇಲ್ಲಿ ಸಾಲದು, ಏಕೆಂದರೆ ಆ ಆಟ ಅಕ್ಷರಕ್ಕೆ ಬಂದು ನಿಲ್ಲುತ್ತದೆ, ಫೋನಿಕ್ಸ್ ಆದರೋ ಅಕ್ಷರವನ್ನೇ ಸೀಳಿ ಒಳಗಿನ ಧ್ವನಿಮಾವನ್ನು, ಎಂದರೆ ಅರ್ಥವ್ಯತ್ಯಾಸ ತರಬಲ್ಲ ಅತಿ ಕಿರಿಯ ಧ್ವನಿಯನ್ನು, ಕೇಳುತ್ತದೆ. ಸೋವಿಯತ್ ಮನೋವಿಜ್ಞಾನಿ ಡಿ. ಬಿ. ಎಲ್ಕೋನಿನ್ ರೂಪಿಸಿದ ಧ್ವನಿಚೌಕಗಳ ವಿಧಾನವನ್ನು ಮನೆಯಲ್ಲಿ ಆಡಿಸಲು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ಮೂರು ಮನೆಗಳೂ ಮೂರು ಹುಣಸೆ ಬೀಜಗಳೂ ಸಾಕು: 'ಪ್', 'ಎ', 'ನ್' ಎನ್ನುತ್ತ ಮಗು ಧ್ವನಿಗೊಂದರಂತೆ ಬೀಜವನ್ನು ಮನೆಗೆ ನೂಕುತ್ತದೆ. 'ಶಿಪ್' ಎಂಬುದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರಗಳಿದ್ದರೂ ಬೀಜಗಳು ಮೂರೇ, ಏಕೆಂದರೆ ಮೊದಲ ಎರಡು ಅಕ್ಷರಗಳು ಕೂಡಿ ಒಂದೇ ಧ್ವನಿಯಾಗುತ್ತವೆ. ಎಣಿಸಬೇಕಾದದ್ದು ಬರಹವನ್ನಲ್ಲ, ನುಡಿಯನ್ನು ಎಂಬ ಈ ಸೂಕ್ಷ್ಮವನ್ನು ದುಬಾರಿ ಚಿತ್ರಪಟಕ್ಕಿಂತ ಬೀಜವೇ ಚೆನ್ನಾಗಿ ತಿಳಿಸುತ್ತದೆ. ಆಟವಾಡಿಸುವ ಹಿರಿಯರೇ 'ಪ' ಎಂದು ಉಚ್ಚರಿಸಿದರೆ (ಹಾಗಾಗುವುದೇ ಹೆಚ್ಚು) ಮಗುವೂ ಅದನ್ನೇ ಹಿಡಿಯುತ್ತದೆಯಾದ್ದರಿಂದ, ಮೊದಲು ತಿದ್ದಿಕೊಳ್ಳಬೇಕಾದದ್ದು ದೊಡ್ಡವರ ನಾಲಿಗೆ. ಅಕ್ಷರಗಳನ್ನು ಬರೆದ ಚೀಟಿಗಳು ಬೀಜಗಳ ಜಾಗಕ್ಕೆ ಆಮೇಲೆ ಬಂದರಾಯಿತು.